ಸರ್ಕಾರಿ ವಸತಿ ಸಮುಚ್ಚಯಕ್ಕೆ ತುರ್ತು ನೆರವು ಸಿಗುವ ಹಾಗಿದೆ, ಏನಕ್ಕೆ ಕೇಳೋಣ?

ಮೂರನೇ ಮಹಡಿ, ತುಮಕೂರು:

ಎಲ್ಲರಿಗೂ ನಮಸ್ಕಾರ. ಬೇಗ ಉತ್ತರ ಬೇಕಾಗಿದೆ, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾವು ಇರುವುದು ತುಮಕೂರಿನ ಹೊರವಲಯದಲ್ಲಿ, ಸರ್ಕಾರ ಕಟ್ಟಿಸಿಕೊಟ್ಟ ಬಹುಮಹಡಿ ಮನೆಗಳಲ್ಲಿ. ಮೊದಲು ಊರೊಳಗಿನ ಕೊಳಗೇರಿಗಳಲ್ಲಿ ಇದ್ದವರೇ ಎಲ್ಲರೂ. ಹೂ ಕಟ್ಟುವವರು, ಮಂಡಿಯಲ್ಲಿ ಮೂಟೆ ಹೊರುವವರು, ಪೌರಕಾರ್ಮಿಕರು, ಮನೆಗೆಲಸಕ್ಕೆ ಹೋಗುವವರು. ಈಚೆಗೆ ಸುರಿದ ಮಳೆಗೆ ಯುಜಿಡಿ (ಒಳಚರಂಡಿ) ಚೇಂಬರ್ ಉಕ್ಕಿ ಕೆಳಗಿನ ಮನೆಗಳಿಗೆ ಕೊಳಚೆ ನುಗ್ಗಿತು. ಸಂಪಿಗೂ ಅದೇ ನೀರು ಸೇರಿತು. ಮೋಟರ್ ಸುಟ್ಟುಹೋಗಿ ಮೇಲಿನ ಟ್ಯಾಂಕಿಗೆ ನೀರು ಏರುವುದು ನಿಂತಿದೆ. ಟ್ಯಾಂಕರ್ ಬಂದು ಗೇಟಿನ ಹತ್ತಿರ ನಿಲ್ಲುತ್ತದೆ. ಅಲ್ಲಿಂದ ಬಿಂದಿಗೆ ಹೊತ್ತು ಮೇಲೆ ಹತ್ತಬೇಕು.

ಗಟ್ಟಿಮುಟ್ಟಾಗಿ ಇರುವವರಿಗೆ ಹೇಗೋ ಆಗುತ್ತದೆ. ಆದರೆ ಮೊಣಕಾಲು ನೋವಿನ ಅಜ್ಜಿಯಂದಿರು ಒಂಟಿಯಾಗಿರುವ ಮನೆಗಳಿವೆ. ಅವರು ಸ್ನಾನ ಬಿಟ್ಟಿದ್ದಾರೆ. ಶೌಚಕ್ಕೆ ನೀರು ಖರ್ಚಾಗುತ್ತದೆ ಅಂತ ಕುಡಿಯುವ ನೀರನ್ನೂ ಕಡಿಮೆ ಮಾಡಿದ್ದಾರೆ. ಇದನ್ನು ನೋಡಿಕೊಂಡು ಸುಮ್ನೆ ಕೂರುವುದಕ್ಕೆ ಆಗುತ್ತಿಲ್ಲ.

ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಂಪನಿಯವರು ಬಂದು ನೋಡಿಕೊಂಡು ಹೋದರು. ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ) ಹಣದಲ್ಲಿ 5 ಲಕ್ಷದವರೆಗೆ ತುರ್ತು ನೆರವು ಕೊಡಬಹುದಂತೆ. ಒಂದು ವಾರದೊಳಗೆ ಅರ್ಜಿ ಕೊಡಬೇಕು. ನಮ್ಮ ನಿವಾಸಿಗಳ ಸಂಘದಲ್ಲಿ ಎರಡು ಗುಂಪಾಗಿದೆ. ಎಲ್ಲವನ್ನೂ ಮೋಟರ್, ಪೈಪಿಗೆ ಹಾಕೋಣ ಅಂತ ಕೆಲವರು. ಜನರ ಔಷಧಿ, ಊಟ, ನೀರು ಹೊರಿಸುವುದಕ್ಕೆ ಹಾಕೋಣ ಅಂತ ಇನ್ನು ಕೆಲವರು. ತಿಳಿದವರು ದಾರಿ ತೋರಿಸಿ.

ಮಂಡಿಪೇಟೆ ಅಂಗಡಿ:

ಅಕ್ಕ, ನನ್ನ ಅಭಿಪ್ರಾಯದಲ್ಲಿ ಮೊದಲು ಮೋಟರ್. ನೀರು ಮೇಲೆ ಏರಿದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ. ಹೊಸ ಮೋಟರ್, ಪ್ಯಾನೆಲ್ ಬೋರ್ಡ್, ಕೇಬಲ್ ಎಲ್ಲಾ ಸೇರಿ ಕೊಟೇಶನ್ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವ ಕೆಲಸ ಆದರೆ ಕಂಪನಿಯವರಿಗೂ ಸಮಾಧಾನ. ಊಟ, ಔಷಧಿ ಅಂತ ಹಂಚಿದರೆ ತಿಂಗಳಲ್ಲಿ ಮುಗಿದುಹೋಗುತ್ತದೆ, ಆಮೇಲೆ ಏನು ಮಾಡುತ್ತೀರಿ?

ನಿವೃತ್ತ ಲೆಕ್ಕಿಗ, ಕೋಲಾರ:

ನಗರಸಭೆಗಳ ಲೆಕ್ಕ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಅಂಗಡಿಯವರ ಕಾಳಜಿ ಸರಿಯಾಗಿದೆ, ಆದರೆ ದಾರಿ ಬೇರೆ ಇದೆ. ಯಾವ ಕೆಲಸಕ್ಕೆ ಸರ್ಕಾರದಲ್ಲಿ ಹೆಡ್, ಅಂದರೆ ಅದಕ್ಕೇ ಅಂತ ಇಟ್ಟ ಹಣ ಇದೆಯೋ ಆ ಕೆಲಸಕ್ಕೆ ದಾನದ ದುಡ್ಡು ಹಾಕಬೇಡಿ. ಒಂದು ಸಲ ನೀವೇ ಮೋಟರ್ ಹಾಕಿಸಿದರೆ ಮುಂದಿನ ಸಲ ಸುಟ್ಟಾಗಲೂ ನಿಮ್ಮನ್ನೇ ಕೇಳುತ್ತಾರೆ.

ಕುಡಿಯುವ ನೀರು ಮತ್ತು ಒಳಚರಂಡಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ. 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗ ಹತ್ತು ಲಕ್ಷಕ್ಕಿಂತ ಕಡಿಮೆ ಜನ ಇರುವ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ನಿರ್ಬಂಧಿತ. ಅದರಲ್ಲಿ ಅರ್ಧ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಸ್ಥಳೀಯ ಅಗತ್ಯಕ್ಕೆ. ಇದರ ಜೊತೆ ರಾಜ್ಯ ಹಣಕಾಸು ಆಯೋಗದ ಅನುದಾನ, ಅಂದರೆ ಎಲ್ಲರೂ ಎಸ್‌ಎಫ್‌ಸಿ ಅನ್ನುವ ಹಣ ಇರುತ್ತದೆ. ಪಾಲಿಕೆಯ ಸ್ವಂತ ಆದಾಯವೂ ಇದೆ. ಸುಟ್ಟ ಮೋಟರ್, ಕಟ್ಟಿದ ಯುಜಿಡಿ ಇವೆಲ್ಲ ಅಲ್ಲಿ ಆಗಬೇಕಾದ ಕೆಲಸಗಳು. ಟೆಂಡರ್ ಕರೆಯಬೇಕು, ತಡವಾಗುತ್ತದೆ ಅಂತ ಯಾರಾದರೂ ಹೇಳಿದರೆ ಸರ್ಕಾರ ತುರ್ತು ಪರಿಸ್ಥಿತಿ ಅಂತ ಘೋಷಿಸಿದಾಗ 1999ರ ಪಾರದರ್ಶಕ ಖರೀದಿ ಕಾಯ್ದೆಯ 4(ಎ) ಕಲಮಿನಲ್ಲಿ ವಿನಾಯಿತಿ ಇದೆ ಅನ್ನುವುದನ್ನು ನೆನಪಿಸಿ.

ಇಂಥ ಸಮುಚ್ಚಯಗಳಲ್ಲಿ ನಿಜವಾದ ಗಂಟು ಇರುವುದು ಹಸ್ತಾಂತರದಲ್ಲಿ. ಮನೆ ಕಟ್ಟಿಸಿದ್ದು ಒಂದು ಸಂಸ್ಥೆ. ನೀರು, ಚರಂಡಿ, ಬೀದಿದೀಪ ನೋಡಬೇಕಾದ್ದು ನಗರದ ಸ್ಥಳೀಯ ಸಂಸ್ಥೆ. ಎರಡರ ನಡುವೆ ಹಸ್ತಾಂತರದ ಕಾಗದ ಆಗದಿದ್ದರೆ ಇವರು ಅವರ ಕಡೆ ಬೆರಳು ತೋರಿಸುತ್ತಾರೆ, ಅವರು ಇವರ ಕಡೆ. ಇಂಜಿನಿಯರ್ ಒಳ್ಳೆಯವರಾಗಿದ್ದರೂ ತಮ್ಮ ಆಸ್ತಿ ಪಟ್ಟಿಯಲ್ಲಿ ಇಲ್ಲದ ಪಂಪಿಗೆ ಬಿಲ್ ಬರೆಯುವುದಕ್ಕೆ ಆಗಲ್ಲ. ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಾರೆ. ಹಾಗಾಗಿ ಇವತ್ತೇ ಮಾಹಿತಿ ಹಕ್ಕಿನಲ್ಲಿ ಹಸ್ತಾಂತರ ಪತ್ರದ ನಕಲು ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಅದು ಬರುವವರೆಗೆ ಕಾಯಬೇಡಿ. ಎರಡೂ ಕಚೇರಿಗೆ ಒಂದೇ ಮನವಿ ಕೊಟ್ಟು, ಎರಡೂ ಕಡೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಜಿಲ್ಲಾಧಿಕಾರಿಗೆ ಒಂದು ಪ್ರತಿ.

ಶಿರಾ ಗೇಟ್:

ಯಜಮಾನರೇ, ನೀವು ಹೇಳಿದ್ದು ನೂರಕ್ಕೆ ನೂರು ಒಪ್ಪುತ್ತೇನೆ. ನನ್ನ ಪ್ರಶ್ನೆ ಇನ್ನೂ ಮುಂದಿನದು. ಕಂಪನಿ ದುಡ್ಡು ಯಾಕೆ ಬೇಕು? ಇಲ್ಲಿರುವವರಲ್ಲಿ ಪರಿಶಿಷ್ಟ ಜಾತಿಯವರೇ ಜಾಸ್ತಿ. ಪರಿಶಿಷ್ಟರ ಉಪಯೋಜನೆಗೆ, ಅಂದರೆ ಬಜೆಟ್ಟಿನಲ್ಲಿ ಅವರಿಗೆ ಹಣ ಮೀಸಲಿಡುವುದಕ್ಕೆ ಅಂತಲೇ ನಮ್ಮ ರಾಜ್ಯದಲ್ಲಿ 2013ರಲ್ಲಿ ಕಾಯ್ದೆ ಬಂದಿದೆ. ಹಕ್ಕಿನಿಂದ ಬರಬೇಕಾದ್ದನ್ನು ಕೈ ಚಾಚಿ ಯಾಕೆ ಪಡೆಯಬೇಕು? ಖಾಲಿ ಬಿಂದಿಗೆ ಹಿಡಿದು ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತರೆ ಸಂಜೆಯೊಳಗೆ ಮೋಟರ್ ಬರುತ್ತದೆ.

ಮೂರನೇ ಮಹಡಿ, ತುಮಕೂರು:

ತಮ್ಮಾ, ಕೂರುವುದಕ್ಕೆ ನಾವೂ ಸಿದ್ಧ. ಆದರೆ ಮೇಲಿನ ಮನೆಯ ಅಜ್ಜಿಗೆ ಇವತ್ತು ಸಂಜೆ ನೀರು ಬೇಕು. ಎರಡೂ ನಡೆಯಲಿ ಅಂತ ನನ್ನ ಆಸೆ.

ನಿವೃತ್ತ ಲೆಕ್ಕಿಗ, ಕೋಲಾರ:

ಶಿರಾ ಗೇಟ್‌ನವರ ಮಾತಿಗೆ ಒಂದು ಸೇರಿಸುತ್ತೇನೆ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಶೇ 24.10, ಶೇ 7.25, ಶೇ 5 ಅಂತ ಮೂರು ಮೀಸಲು ನಿಧಿಗಳಿವೆ. ಮೊದಲನೆಯದು ಪರಿಶಿಷ್ಟ ಜಾತಿ, ಪಂಗಡದವರಿಗೆ. ಎರಡನೆಯದು ಇತರ ಬಡವರಿಗೆ. ಮೂರನೆಯದು ಅಂಗವಿಕಲರಿಗೆ. ಮಕ್ಕಳ ಓದಿಗೆ, ವೈದ್ಯಕೀಯ ವೆಚ್ಚಕ್ಕೆ, ತ್ರಿಚಕ್ರ ವಾಹನಕ್ಕೆ ಎಲ್ಲಾ ಇದರಲ್ಲಿ ಕೊಡುತ್ತಾರೆ. ಅರ್ಜಿ ಕರೆದಾಗ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕುತ್ತಾರೆ, ಪೇಪರಿನ ಒಳಪುಟದಲ್ಲಿ ಸಣ್ಣದಾಗಿ ಬರುತ್ತದೆ. ಬೆಳಿಗ್ಗೆ ಐದಕ್ಕೆ ಕೆಲಸಕ್ಕೆ ಹೊರಡುವ ಹೆಂಗಸಿಗೆ ಅದು ಎಲ್ಲಿ ಕಾಣುತ್ತದೆ ಹೇಳಿ. ಕಡೆಯ ದಿನ ಮುಗಿದ ಮೇಲೆ ಯಾರೋ ಹೇಳುತ್ತಾರೆ, ಆಗ ಓಡಿ ಬರುತ್ತಾರೆ. ನಾನು ಕೌಂಟರಿನ ಈ ಕಡೆ ಕೂತು ಅದನ್ನು ವರ್ಷಗಟ್ಟಲೆ ನೋಡಿದ್ದೇನೆ. ಹಣ ಇತ್ತು, ಕೇಳುವವರು ಇರಲಿಲ್ಲ.

ಇನ್ನೊಂದು ವಿಪತ್ತು ಪರಿಹಾರ. ಮನೆಗೆ ನೀರು ನುಗ್ಗಿ ಎರಡು ದಿನಕ್ಕಿಂತ ಜಾಸ್ತಿ ನಿಂತಿದ್ದರೆ ಬಟ್ಟೆಗೆ 2,500, ಪಾತ್ರೆಗೆ 2,500 ಅಂತ ಒಂದು ಕುಟುಂಬಕ್ಕೆ ರಾಜ್ಯದ ವಿಪತ್ತು ನಿಧಿಯಾದ ಎಸ್‌ಡಿಆರ್‌ಎಫ್‌ನಲ್ಲಿ ಕೊಡಬಹುದು. 2022-26ರ ಕೇಂದ್ರದ ಮಾನದಂಡ ಅದು. ನೀರು ಎಷ್ಟು ದಿನ ನಿಂತಿತ್ತು ಅನ್ನುವುದೇ ಇಲ್ಲಿ ಮುಖ್ಯ. ಗೋಡೆಯ ಮೇಲೆ ನೀರಿನ ಗೆರೆ ಇದ್ದರೆ ಬಳಿಯಬೇಡಿ. ತಾರೀಕು ಬರುವ ಹಾಗೆ ಫೋಟೊ ತೆಗೆಯಿರಿ. ಕಂದಾಯ ಇಲಾಖೆಯವರನ್ನು ಕರೆಸಿ ಮಹಜರು ಮಾಡಿಸಿ.

ಚಿಂತಾಮಣಿ ಸಿಸ್ಟರ್:

ನಾನು ಸ್ಟಾಫ್ ನರ್ಸ್. ಹಣದ ಚರ್ಚೆ ನಡೆಯಲಿ, ಅದಕ್ಕಿಂತ ಮೊದಲು ಒಂದು ಪ್ರಶ್ನೆ. ಸಂಪಿಗೆ ಕೊಳಚೆ ಸೇರಿದೆ ಅಂದಿರಿ. ಆ ನೀರನ್ನು ಯಾರೂ ಬಳಸುತ್ತಿಲ್ಲ ತಾನೇ? ಪಾತ್ರೆ ತೊಳೆಯುವುದಕ್ಕೂ ಬೇಡ.

ಮೊದಲು ಸಂಪು ಪೂರ್ತಿ ಖಾಲಿ ಮಾಡಿಸಿ, ಉಜ್ಜಿ ತೊಳೆಸಬೇಕು. ಕೊಳಚೆ ಸೇರಿದ ಸಂಪಿನೊಳಗೆ ಯಾರನ್ನೂ ಹಾಗೇ ಇಳಿಸಬೇಡಿ, ಉಸಿರು ಕಟ್ಟುತ್ತದೆ. ಪಾಲಿಕೆಯ ಯಂತ್ರ ಬರಲಿ. ಆಮೇಲೆ ಹೊಸ ನೀರು ತುಂಬಿ ಬ್ಲೀಚಿಂಗ್ ಪುಡಿ ಹಾಕಿ. ಶುದ್ಧವಾದ ನೀರಿಗಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು, ಒಂದು ಗಂಟೆ ಬಿಟ್ಟು ಬಳಸಬಹುದು. ತುಂಬಾ ದಿನ ತೆರೆದಿಟ್ಟ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅದನ್ನು ನಂಬಬೇಡಿ. ಆರೋಗ್ಯ ನಿರೀಕ್ಷಕರನ್ನು ಕರೆದು ಕ್ಲೋರಿನ್ ಪರೀಕ್ಷೆ ಮಾಡಿಸಿಕೊಳ್ಳಿ. ವಾಂತಿ ಭೇದಿ ಶುರುವಾದ ಮಕ್ಕಳಿಗೆ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ ಕೊಡಬೇಕು, ಆಶಾ ಕಾರ್ಯಕರ್ತೆಯ ಹತ್ತಿರ ಇರುತ್ತದೆ. ಕೊಳಚೆಯಲ್ಲಿ ಓಡಾಡಿದವರಿಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪಾದರೆ ಇಲಿ ಜ್ವರ ಇರಬಹುದು. ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮನೆಯಲ್ಲಿ ಮಲಗುವುದು ಬೇಡ.

ಈಗ ನಿಮ್ಮ ಪ್ರಶ್ನೆಗೆ. ನಾನಾದರೆ ಆ ಹಣವನ್ನು ಜನರಿಗೇ ಇಡುತ್ತೇನೆ. ಯಾಕೆ ಅಂದರೆ ಸರ್ಕಾರದಲ್ಲಿ ಚಿಕಿತ್ಸೆ ಇದೆ, ಅಲ್ಲಿಗೆ ತಲುಪುವ ದಾರಿ ಇಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಬಡವರಿಗೆ ಉಚಿತ. ಆದರೆ ವಾರಕ್ಕೆ ಎರಡು ಮೂರು ಸಲ ಮಹಡಿ ಇಳಿದು, ಆಟೊ ಹಿಡಿದು, ಮತ್ತೆ ಮಹಡಿ ಹತ್ತಬೇಕು. ಆಟೊ ಬಾಡಿಗೆಗೆ ಯಾವ ಯೋಜನೆಯೂ ಇಲ್ಲ. ತುಂಬು ಗರ್ಭಿಣಿಗೆ 108 ಬರುತ್ತದೆ. ಡಯಾಲಿಸಿಸ್‌ಗೆ ದಿನಬಿಟ್ಟು ದಿನ 108 ಬರಲ್ಲ. ಕರೆಂಟ್ ಹೋಗಿ ಫ್ರಿಜ್ ನಿಂತರೆ ಇನ್ಸುಲಿನ್ ಕೆಡುತ್ತದೆ, ಎಷ್ಟೋ ಮನೆಗಳಲ್ಲಿ ಫ್ರಿಜ್ಜೇ ಇರಲ್ಲ. ಕ್ಷಯದ ಮಾತ್ರೆ ಮಧ್ಯೆ ನಿಲ್ಲಬಾರದು. ಅವರಿಗೆ ಪೌಷ್ಟಿಕ ಆಹಾರಕ್ಕೆ ಅಂತ 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ ಇದೆ, ಖಾತೆಗೆ ಬರುತ್ತಿದೆಯಾ ಕೇಳಿ ನೋಡಿ. ಕೋಲಾರದಲ್ಲಿ 2024ರ ಅಕ್ಟೋಬರಿನಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೇ ಬಂದು ಬಿಪಿ, ಸಕ್ಕರೆ ನೋಡುತ್ತಾರೆ. ನಿಮ್ಮ ಹತ್ತಿರದ ನಮ್ಮ ಕ್ಲಿನಿಕ್‌ನಲ್ಲಿ ವಿಚಾರಿಸಿ, ಮೇಲಿನ ಮಹಡಿಗೂ ಹತ್ತಿ ಅಂತ ಕೇಳಿ.

ಯಾವ ಮನೆಯಲ್ಲಿ ಯಾರಿಗೆ ಏನು ತೊಂದರೆ ಅಂತ ನಿಮ್ಮ ಹತ್ತಿರ ಪಟ್ಟಿ ಇದೆಯಾ?

ಮೂರನೇ ಮಹಡಿ, ತುಮಕೂರು:

ಸಂಪಿನ ನೀರು ಯಾರೂ ಮುಟ್ಟುತ್ತಿಲ್ಲ ಸಿಸ್ಟರ್. ಮುಚ್ಚಳಕ್ಕೆ ಕಲ್ಲು ಇಟ್ಟಿದ್ದೇವೆ. ಪಟ್ಟಿ ಬರವಣಿಗೆಯಲ್ಲಿ ಇಲ್ಲ. ನಮ್ಮ ಬ್ಲಾಕಿನವರದು ಬಾಯಲ್ಲಿ ಗೊತ್ತು. ಆಚೆ ಬ್ಲಾಕುಗಳದ್ದು ಅಲ್ಲಿಯವರಿಗೆ ಗೊತ್ತು.

ದೂರದ ತುಮಕೂರಿನವಳು, ಅಮೆರಿಕ:

ಊರಿನ ಸುದ್ದಿ ಓದಿ ಸಂಕಟವಾಯಿತು. ನಾನು ಇಲ್ಲಿ ಬಡ ವೃದ್ಧರ ವಸತಿ ಸಮುಚ್ಚಯ ನಡೆಸುವ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿಯ ವ್ಯವಸ್ಥೆ ದೊಡ್ಡದು, ಹಣವೂ ದೊಡ್ಡದು, ಹೋಲಿಸುವುದಕ್ಕೆ ಅಂತ ಹೇಳುತ್ತಿಲ್ಲ. ಒಂದು ವಿಷಯ ಮಾತ್ರ ನಿಮ್ಮ ಕೆಲಸಕ್ಕೆ ಬರಬಹುದು.

ಇಲ್ಲಿ ಸೆಕ್ಷನ್ 202 ಅಂತ 1959ರಿಂದ ನಡೆಯುತ್ತಿರುವ ಯೋಜನೆ ಇದೆ. 62 ವರ್ಷ ದಾಟಿದ, ತುಂಬಾ ಕಡಿಮೆ ಆದಾಯದವರಿಗೆ ಮನೆ. ಆದಾಯದ ಸುಮಾರು ಶೇ 30 ಭಾಗವನ್ನು ಅವರು ಬಾಡಿಗೆಯಾಗಿ ಕೊಡುತ್ತಾರೆ, ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಮನೆ ಕೊಟ್ಟರೆ ಸಾಲದು ಅಂತ ಇಲ್ಲಿಯವರಿಗೂ ನಿಧಾನವಾಗಿ ಗೊತ್ತಾಯಿತು. 1990ರ ಕಾನೂನಿನಲ್ಲಿ ಇಂಥ ಕಟ್ಟಡಗಳಿಗೆ ಸರ್ವಿಸ್ ಕೋಆರ್ಡಿನೇಟರ್ ಅನ್ನುವ ಹುದ್ದೆಗೆ ಹಣ ಕೊಡುವುದಕ್ಕೆ ಅವಕಾಶ ಆಯಿತು. ಈ ವ್ಯಕ್ತಿ ನಲ್ಲಿ ರಿಪೇರಿ ಮಾಡಲ್ಲ, ಬಾಡಿಗೆ ವಸೂಲಿ ಮಾಡಲ್ಲ. ಯಾರಿಗೆ ಯಾವ ಪಿಂಚಣಿ ನಿಂತಿದೆ, ಯಾರಿಗೆ ಔಷಧಿ ತಲುಪಿಲ್ಲ, ಯಾರು ಎರಡು ದಿನದಿಂದ ಬಾಗಿಲು ತೆರೆದಿಲ್ಲ ಅಂತ ನೋಡುವುದೇ ಕೆಲಸ. ಹೊರಗಿನ ಸೇವೆಗಳನ್ನು ಒಳಗಿನ ಜನಕ್ಕೆ ಜೋಡಿಸುತ್ತಾರೆ. ಎಲ್ಲಾ ಕಟ್ಟಡಗಳಲ್ಲೂ ಇಲ್ಲ, ಇರುವ ಕಡೆ ವ್ಯತ್ಯಾಸ ಕಾಣುತ್ತದೆ.

2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಇಲ್ಲಿಯ ಸಂಸತ್ತು ಕೇರ್ಸ್ ಕಾಯ್ದೆ ಮಾಡಿ ಸೆಕ್ಷನ್ 202ಕ್ಕೆ 5 ಕೋಟಿ ಡಾಲರ್ ಇಟ್ಟಿತು. ಅದರೊಳಗೆ 1 ಕೋಟಿ ಡಾಲರ್‌ವರೆಗೆ ಈ ಕೋಆರ್ಡಿನೇಟರ್‌ಗಳ ಕೆಲಸಕ್ಕೆ. ಕಟ್ಟಡಕ್ಕೆ ಬೀಗ ಹಾಕಿದಂಥ ಆ ತಿಂಗಳುಗಳಲ್ಲಿ ದಿನಾ ಫೋನ್ ಮಾಡಿ ವಿಚಾರಿಸಿದವರು, ದಿನಸಿ ಬಾಗಿಲಿಗೆ ಇಡಿಸಿದವರು ಅವರೇ. ತುರ್ತು ಹಣ ಬಂದಾಗ ಅದನ್ನು ಎಲ್ಲಿಗೆ ಒಯ್ಯಬೇಕು ಅಂತ ಗೊತ್ತಿದ್ದವರೂ ಅವರೇ.

ಹಾಗಾಗಿ ನನ್ನ ಸಲಹೆ: ಅರ್ಜಿಯಲ್ಲಿ ಒಬ್ಬ ವ್ಯಕ್ತಿಯ ಗೌರವಧನವನ್ನೂ ಕೇಳಿ. ನಿಮ್ಮಲ್ಲೇ ಓದುಬರಹ ಬಲ್ಲ, ಎಲ್ಲರ ಮನೆಗೂ ಹೋಗಬಲ್ಲ ಒಬ್ಬ ಹೆಣ್ಣುಮಗಳು ಸಿಕ್ಕರೆ ಸಾಕು.

ಮಂಡಿಪೇಟೆ ಅಂಗಡಿ:

ಒಪ್ಪುವುದಕ್ಕೆ ಸ್ವಲ್ಪ ಕಷ್ಟ. ಸಂಬಳಕ್ಕೆ ಅಂತ ಕೇಳಿದರೆ ಕೊಡುವವರು ಹಿಂಜರಿಯುತ್ತಾರೆ. ನಾನೂ ಊರಿನ ಕೆಲಸಗಳಿಗೆ ಕೈಲಾದಷ್ಟು ಕೊಡುತ್ತೇನೆ. ಅಕ್ಕಿ ಮೂಟೆ ಕೇಳಿದರೆ ಕೊಡುವುದು ಸುಲಭ. ಒಬ್ಬರ ಸಂಬಳ ಅಂದರೆ ನೂರು ಪ್ರಶ್ನೆ ಬರುತ್ತದೆ.

ಒಕ್ಕೂಟದ ಅಕ್ಕ, ಮಾಲೂರು:

ಅಣ್ಣಾ, ಆ ಅಕ್ಕಿ ಮೂಟೆಯನ್ನು ಮನೆಮನೆಗೆ ತಲುಪಿಸುವುದೂ ಕೆಲಸವೇ ಅಲ್ವಾ? ಅದನ್ನು ಹೆಂಗಸರು ಪುಕ್ಕಟೆ ಮಾಡುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಕೂಲಿ ಬಿಟ್ಟು ಬಂದು ಮಾಡುತ್ತೇವೆ. ನಾನು ಸ್ವಸಹಾಯ ಸಂಘಗಳ ಬಡಾವಣೆ ಒಕ್ಕೂಟದಲ್ಲಿ ಇದ್ದೇನೆ. ಮಳೆಯಲ್ಲಿ, ಕೊರೊನಾದಲ್ಲಿ ಹಂಚುವ ಕೆಲಸ ಮಾಡಿದ್ದೇವೆ. ಅಲ್ಲಿ ಕಂಡದ್ದು ಹೇಳುತ್ತೇನೆ.

ದೊಡ್ಡ ತೊಂದರೆ ಪಟ್ಟಿಯದು. ಸಾಮಾನ್ಯವಾಗಿ ಮನೆ ಹಂಚಿಕೆಯ ಪಟ್ಟಿ ಇಟ್ಟುಕೊಂಡು ನೆರವು ಕೊಡುತ್ತಾರೆ. ಆ ಪಟ್ಟಿಯಲ್ಲಿ ಇರುವವರು ಒಬ್ಬರು, ಮನೆಯಲ್ಲಿ ಇರುವವರು ಇನ್ನೊಬ್ಬರು. ಕೆಲವರು ಕೆಲಸ ದೂರ ಆಯಿತು ಅಂತ ಮನೆ ಬಾಡಿಗೆಗೆ ಕೊಟ್ಟು ಊರೊಳಗೆ ಹೋಗಿರುತ್ತಾರೆ. ಕೆಲವು ಕಡೆ ಹಕ್ಕುಪತ್ರ ತೀರಿಹೋದವರ ಹೆಸರಲ್ಲೇ ಇರುತ್ತದೆ. ಒಂದೇ ಮನೆಯಲ್ಲಿ ಮದುವೆಯಾದ ಇಬ್ಬರು ಮಕ್ಕಳ ಸಂಸಾರ ಇರುತ್ತದೆ. ಪಟ್ಟಿ ನೋಡಿ ಕೊಟ್ಟರೆ ಕಿಟ್ ಒಂದೇ. ಬಾಡಿಗೆಗೆ ಇರುವವರು ಇನ್ನೂ ಬಡವರು, ಬೀದರ್, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಅವರಿಗೆ ಏನೂ ಸಿಗಲ್ಲ. ಕೊಳಚೆ ನುಗ್ಗಿದ್ದು ಅವರ ಮನೆಗೂ ಅಲ್ವಾ?

ಮನೆ ಬಾಗಿಲಲ್ಲಿ ಯಾರು ನಿಂತಿದ್ದಾರೋ ಅವರನ್ನು ಬರೆದುಕೊಳ್ಳಿ.

ಶಿರಾ ಗೇಟ್:

ಅಕ್ಕ, ಇಲ್ಲಿ ಒಂದು ಅಪಾಯ ಇದೆ. ಬಾಡಿಗೆದಾರರ ಹೆಸರು ಬರೆದ ಪಟ್ಟಿ ಯಾರ ಕೈಗಾದರೂ ಸಿಕ್ಕರೆ ಆ ಮನೆಯ ಹಂಚಿಕೆ ರದ್ದು ಮಾಡಿ ಅಂತ ದೂರು ಹೋಗುತ್ತದೆ. ಮನೆಯವರೂ ಬೀದಿಗೆ, ಬಾಡಿಗೆದಾರರೂ ಬೀದಿಗೆ. ಹಾಗಾಗಿ ಎಷ್ಟೋ ಮನೆಯವರು ಬಾಗಿಲೇ ತೆರೆಯಲ್ಲ, ನಿಜ ಹೇಳಲ್ಲ.

ಒಕ್ಕೂಟದ ಅಕ್ಕ, ಮಾಲೂರು:

ನಿಜ ತಮ್ಮಾ. ನಾವು ಹಾಗಾಗಿಯೇ ಹಕ್ಕುಪತ್ರ ಕೇಳುವುದನ್ನೇ ಬಿಟ್ಟೆವು. ರಿಜಿಸ್ಟರಿನಲ್ಲಿ ಬ್ಲಾಕ್, ಮನೆ ನಂಬರ್, ಒಳಗೆ ಎಷ್ಟು ಜನ, ಚಿಕ್ಕ ಮಕ್ಕಳು ಎಷ್ಟು, ವಯಸ್ಸಾದವರು ಎಷ್ಟು, ಏನು ಬೇಕು, ಪಡೆದವರ ಸಹಿ ಅಥವಾ ಹೆಬ್ಬೆಟ್ಟು. ಇಷ್ಟೇ. ಸ್ವಂತದ್ದೋ ಬಾಡಿಗೆಯೋ ಅನ್ನುವ ಕಾಲಮ್ಮೇ ಇಲ್ಲ. ಕೊಡುವವರಿಗೆ ಬೇಕಾಗಿರುವುದು ವಸ್ತು ಯಾರದೋ ಕೈ ಸೇರಿತು ಅನ್ನುವ ಗುರುತು. ಕಾಯಿಲೆಯ ವಿಷಯ ಬೇರೆ ಪುಸ್ತಕದಲ್ಲಿ ಬರೆದು ಒಬ್ಬರೇ ಇಟ್ಟುಕೊಳ್ಳಿ. ಕ್ಷಯ, ಎಚ್‌ಐವಿ ಇಂಥದ್ದು ಬ್ಲಾಕಿನಲ್ಲೆಲ್ಲಾ ಗೊತ್ತಾಗಬಾರದು.

ಇನ್ನೊಂದು, ಹಣ ಯಾರ ಖಾತೆಗೆ? ನಿಮ್ಮ ನಿವಾಸಿಗಳ ಸಂಘ ನೋಂದಣಿ ಆಗಿದೆಯಾ? ಆಗಿಲ್ಲದಿದ್ದರೆ ಯಾರೋ ಒಬ್ಬ ಮುಖಂಡರ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ. ಅವರು ಎಷ್ಟೇ ಒಳ್ಳೆಯವರಿರಲಿ, ಆಮೇಲೆ ಮಾತು ಬರುತ್ತದೆ, ಸಂಘ ಒಡೆಯುತ್ತದೆ.

ಮೂರನೇ ಮಹಡಿ, ತುಮಕೂರು:

ನೋಂದಣಿ ಆಗಿಲ್ಲ ಅಕ್ಕ. ಮಹಿಳಾ ಸಂಘಗಳಿವೆ, ಅವಕ್ಕೆ ಪಾಸ್‌ಬುಕ್ ಇದೆ.

ಸಿಎಸ್‌ಆರ್ ಕೆಲಸದವನು, ಗೌರಿಬಿದನೂರು:

ನಾನು ಇದೇ ಕ್ಷೇತ್ರದಲ್ಲಿ ಇರುವುದರಿಂದ ಹೇಳುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2 ಭಾಗವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಅನ್ನುವುದು ಏಳನೇ ಷೆಡ್ಯೂಲಿನಲ್ಲಿದೆ. ಕೊಳಗೇರಿ ಪ್ರದೇಶದ ಅಭಿವೃದ್ಧಿ 2014ರಲ್ಲಿ ಸೇರಿತು, ವಿಪತ್ತು ಪರಿಹಾರ 2019ರಲ್ಲಿ. ನಿಮ್ಮ ಅರ್ಜಿಯಲ್ಲಿ ಎರಡನ್ನೂ ಹೆಸರಿಸಿ, ಆರೋಗ್ಯವನ್ನೂ ಸೇರಿಸಿ. ಕಂಪನಿಯ ಸಮಿತಿಗೆ ಒಪ್ಪುವುದು ಸುಲಭವಾಗುತ್ತದೆ.

ಕಂಪನಿ ನಿಮ್ಮ ಸಂಘಕ್ಕೆ ಹಣ ಕೊಟ್ಟು ಕೆಲಸ ಮಾಡಿಸಬೇಕು ಅಂದರೆ ಆ ಸಂಘ ಸಿಎಸ್‌ಆರ್-1 ನಮೂನೆ ಸಲ್ಲಿಸಿ ನಂಬರ್ ಪಡೆದಿರಬೇಕು. 2021ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಆದಾಯ ತೆರಿಗೆಯ 12ಎ, 80ಜಿ ನೋಂದಣಿಗಳೂ ಬೇಕು. ಒಂದು ವಾರದಲ್ಲಿ ಇದು ಆಗದ ಮಾತು. ಆದರೆ ದಾರಿ ಇದೆ. ಕಂಪನಿ ಯಾವ ಸಂಘಕ್ಕೂ ಹಣ ಕೊಡದೆ ತಾನೇ ನೇರವಾಗಿ ಖರ್ಚು ಮಾಡಬಹುದು. ಔಷಧಿ ಅಂಗಡಿಗೆ, ನೀರಿನ ಟ್ಯಾಂಕರಿನವರಿಗೆ, ಆಟೊದವರಿಗೆ ಅವರೇ ಪಾವತಿ ಮಾಡಲಿ. ನೀವು ಬೇಡಿಕೆ ಪಟ್ಟಿ ಮತ್ತು ಸಹಿ ಪುಸ್ತಕ ಕೊಡಿ. ಇಲ್ಲವೇ ನಂಬರ್ ಇರುವ, ನಿಮಗೆ ನಂಬಿಕೆ ಇರುವ ಸಂಸ್ಥೆಯ ಮೂಲಕ ತರಿಸಿಕೊಳ್ಳಿ.

ಅಮೆರಿಕದಿಂದ ಓದುತ್ತಿರುವ ಮೇಡಂಗೆ ಒಂದು ವಿನಂತಿ. ಅಲ್ಲಿ ಚಂದಾ ಎತ್ತಿ ಇಲ್ಲಿಯ ಒಂದು ಸಂಸ್ಥೆಗೆ ಕಳಿಸಿ, ಅವರು ಈ ಸಣ್ಣ ಸಂಘಕ್ಕೆ ದಾಟಿಸಲಿ ಅಂತ ಯೋಚಿಸಬೇಡಿ. 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ತಿದ್ದುಪಡಿ ಆದಮೇಲೆ ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ಕೊಡುವ ಹಾಗಿಲ್ಲ. ಪಡೆದವರೇ ಖರ್ಚು ಮಾಡಬೇಕು. ಬಡಾವಣೆಯ ಮಟ್ಟದ ಸಣ್ಣ ಸಂಘಗಳಿಗೆ ಇದರಿಂದ ತುಂಬಾ ಪೆಟ್ಟು ಬಿತ್ತು.

ಗೌರವಧನದ ವಿಷಯ. ಕೇಳಬಹುದು, ಕೇಳಬೇಕು. ಸಂಬಳ ಅಂತ ಬರೆದು ಬಿಡಬೇಡಿ. ಆ ವ್ಯಕ್ತಿ ದಿನಕ್ಕೆ ಎಷ್ಟು ಮನೆಗೆ ಹೋಗುತ್ತಾರೆ, ಯಾವ ಯಾವ ಅರ್ಜಿ ಹಾಕಿಸುತ್ತಾರೆ, ಎಷ್ಟು ತಿಂಗಳು ಅಂತ ಕೆಲಸವನ್ನೇ ಬರೆಯಿರಿ. ಮಾರ್ಚ್ ಹತ್ತಿರ ಬಂದಾಗ ಖರ್ಚಾಗದೆ ಉಳಿದ ಹಣ ಕಂಪನಿಗಳಿಗೆ ತಲೆನೋವು. ಈಗ ಆರು ತಿಂಗಳಿಗೆ ಒಪ್ಪಿಸಿಕೊಂಡರೆ ಆಗ ಮುಂದುವರಿಸುವುದಕ್ಕೆ ಕೇಳಬಹುದು.

ಮಂಡಿಪೇಟೆ ಅಂಗಡಿ:

ಹೀಗೆ ಬಿಡಿಸಿ ಹೇಳಿದರೆ ನನಗೂ ಅರ್ಥವಾಗುತ್ತದೆ. ಮಾಲೂರಿನ ಅಕ್ಕನ ಮಾತು ಮನಸ್ಸಿಗೆ ತಟ್ಟಿತು. ಮೋಟರಿಗೆ ಪಾಲಿಕೆಯನ್ನು ಹಿಡಿಯಿರಿ, ಅದು ಬರುವವರೆಗೆ ಟ್ಯಾಂಕರಿನಿಂದ ಮೇಲೆ ನೀರು ಹೊರುವುದಕ್ಕೆ ಮಂಡಿಯ ಹಮಾಲರಲ್ಲಿ ನಾಲ್ಕು ಹುಡುಗರನ್ನು ಮಾತಾಡಿಸಿ ಕಳಿಸುತ್ತೇನೆ. ನಾಲ್ಕು ದಿನದ ಕೂಲಿ ನನ್ನದು. ಬಿಂದಿಗೆ ಬೇಡ, 20 ಲೀಟರಿನ ಕ್ಯಾನ್ ಇರಲಿ. ಭುಜದ ಮೇಲೆ ಹೊರುವುದಕ್ಕೆ ಸುಲಭ.

ನಿವೃತ್ತ ಲೆಕ್ಕಿಗ, ಕೋಲಾರ:

ಬಹಳ ಒಳ್ಳೆಯದಾಯಿತು.

ಅಮ್ಮಾ, ಮೋಟರ್ ಬಂದ ಮೇಲಿನ ಒಂದು ವಿಷಯ ಈಗಲೇ ಗಮನಿಸಿ. ಮನೆಗಳ ಕರೆಂಟಿಗೆ ಗೃಹಜ್ಯೋತಿ ಇದೆ, ತಿಂಗಳಿಗೆ 200 ಯೂನಿಟ್ ಮಿತಿಯಲ್ಲಿ. ಪಂಪಿನ ಮೀಟರ್ ಮನೆಯ ಮೀಟರ್ ಅಲ್ಲ, ಅದಕ್ಕೆ ಬರಲ್ಲ. ಆ ಬಿಲ್ ಯಾರು ಕಟ್ಟಬೇಕು ಅನ್ನುವುದನ್ನು ಹಸ್ತಾಂತರದ ಕಾಗದದಲ್ಲೇ ಬರೆಸಿಕೊಳ್ಳಿ. ಇಂಥ ಕಡೆ ಪಂಪು ನಿಲ್ಲುವುದು ಕೆಟ್ಟು ಅಲ್ಲ, ಬಿಲ್ ಕಟ್ಟದೆ ಫ್ಯೂಸ್ ಕಿತ್ತು.

ಸಂಘದ ನೋಂದಣಿಯನ್ನೂ ಶುರುಮಾಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು. ಎಲ್ಲಾ ಬ್ಲಾಕಿನಿಂದಲೂ ಒಬ್ಬರಿರಲಿ, ಅರ್ಧದಷ್ಟು ಹೆಂಗಸರಿರಲಿ.

ಮೂರನೇ ಮಹಡಿ, ತುಮಕೂರು:

ಎಲ್ಲವನ್ನೂ ನಿನ್ನೆ ರಾತ್ರಿ ಮೆಟ್ಟಿಲ ಹತ್ತಿರ ಕೂತು ಓದಿ ಹೇಳಿದೆ. ಜಗಳ ಆಯಿತು, ಆಮೇಲೆ ತೀರ್ಮಾನವೂ ಆಯಿತು.

ಮೋಟರ್, ಯುಜಿಡಿಗೆ ಮನವಿ ಬರೆದಿದ್ದೇವೆ. ಎರಡೂ ಕಚೇರಿಗೆ ಇವತ್ತು ಹೋಗುತ್ತದೆ, ಒಂದು ಪ್ರತಿ ಜಿಲ್ಲಾಧಿಕಾರಿಗೆ. ಸರ್ಕಾರದ ಸಹಾಯವಾಣಿ 1902ಕ್ಕೂ ದೂರು ದಾಖಲಿಸಿದ್ದೇವೆ. ಶಿರಾ ಗೇಟ್ ತಮ್ಮ ಬಂದು ಬರೆದುಕೊಟ್ಟರು. ಉತ್ತರ ಬರದಿದ್ದರೆ ಬಿಂದಿಗೆ ಹಿಡಿದು ಹೋಗುವುದು ಅಂತಲೂ ಒಪ್ಪಿದ್ದೇವೆ.

ಕಂಪನಿಗೆ ಕೇಳುವುದು: ವಯಸ್ಸಾದವರ ಮತ್ತು ಅಂಗವಿಕಲರ ಮನೆಗಳಿಗೆ ನೀರು ಹೊರುವ ಕೂಲಿ, ಮೋಟರ್ ಬರುವವರೆಗೆ. ಡಯಾಲಿಸಿಸ್ ಮತ್ತು ತಪಾಸಣೆಗೆ ಹೋಗಿಬರುವ ಆಟೊ, ಆರು ತಿಂಗಳು. ಇನ್ಸುಲಿನ್ ಇಡುವುದಕ್ಕೆ ಅಂಗನವಾಡಿ ಪಕ್ಕದ ಕೋಣೆಯಲ್ಲಿ ಒಂದು ಫ್ರಿಜ್, ಕರೆಂಟ್ ಹೋದರೆ ಬ್ಯಾಟರಿ. ಕೆಳಗಿನ ಮನೆಗಳ ಮಕ್ಕಳಿಗೆ ಪುಸ್ತಕ, ಚೀಲ, ಯಾಕೆ ಅಂದರೆ ಎಲ್ಲವೂ ನೆನೆದು ಹಾಳಾಗಿದೆ. ಒಬ್ಬ ಹೆಣ್ಣುಮಗಳಿಗೆ ಆರು ತಿಂಗಳ ಗೌರವಧನ. ಪಿಯುಸಿ ಓದಿ, ಮದುವೆಯಾಗಿ, ಮನೆಯಲ್ಲೇ ಇದ್ದವಳು ಒಪ್ಪಿದ್ದಾಳೆ. ಎಲ್ಲಾ ಬ್ಲಾಕಿನಲ್ಲೂ ಅವಳನ್ನು ಬಲ್ಲವರಿದ್ದಾರೆ. ಅವಳ ಮೊದಲ ಕೆಲಸ ಮಾಲೂರಿನ ಅಕ್ಕ ಹೇಳಿದ ರಿಜಿಸ್ಟರ್. ಎರಡನೆಯದು ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾ 1,200 ರೂಪಾಯಿ ಯಾರಿಗೆ ನಿಂತಿದೆ ಅಂತ ಹುಡುಕುವುದು. ಆಮೇಲೆ ಯಜಮಾನರು ಹೇಳಿದ ಆ ಮೂರು ನಿಧಿಗಳು.

ಹಣ ನಮ್ಮ ಕೈಗೆ ಬೇಡ, ನೀವೇ ನೇರವಾಗಿ ಪಾವತಿ ಮಾಡಿ ಅಂತ ಬರೆದಿದ್ದೇವೆ.

ಚಿಂತಾಮಣಿ ಸಿಸ್ಟರ್:

ಫ್ರಿಜ್ ಒಳಗೆ ಥರ್ಮಾಮೀಟರ್ ಇಡಿ. 2ರಿಂದ 8 ಡಿಗ್ರಿ ಇರಬೇಕು, ಫ್ರೀಜರ್ ಭಾಗದಲ್ಲಿ ಇಡಲೇಬಾರದು. ಪ್ರತಿ ಪೆನ್ನು, ಬಾಟಲಿ ಮೇಲೆ ಹೆಸರು ಅಂಟಿಸಿ. ಕೀಲಿ ಇಬ್ಬರ ಹತ್ತಿರ ಇರಲಿ, ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು ಸಿಗಬೇಕು.

ಸಿಎಸ್‌ಆರ್ ಕೆಲಸದವನು, ಗೌರಿಬಿದನೂರು:

ಅರ್ಜಿ ಚೆನ್ನಾಗಿದೆ. ಆಟೊ ಬಾಡಿಗೆಗೆ ಒಂದು ಸಣ್ಣ ಚೀಟಿ ಪುಸ್ತಕ ಮಾಡಿ. ತಾರೀಕು, ಎಲ್ಲಿಂದ ಎಲ್ಲಿಗೆ, ಹೋದವರ ಸಹಿ, ಆಟೊದವರ ಸಹಿ. ಆಟೊದವರು ಬಿಲ್ ಕೊಡಲ್ಲ ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ಕಡೆ ಈ ಖರ್ಚನ್ನು ತೆಗೆದುಹಾಕುತ್ತಾರೆ.

ಶಿಡ್ಲಘಟ್ಟ ರೇಷ್ಮೆ:

ನಮ್ಮ ಕಡೆಯೂ ಇಂಥದೇ ಮನೆಗಳಿವೆ, ನಮ್ಮಲ್ಲಿ ಇನ್ನೂ ಏನೂ ಆಗಿಲ್ಲ. ಆಗುವ ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳೋಣ ಅಂತ ಅನ್ನಿಸಿತು. ರಿಜಿಸ್ಟರಿನ ಒಂದು ಖಾಲಿ ಹಾಳೆಯ ಫೋಟೊ ಹಾಕುತ್ತೀರಾ?

ಒಕ್ಕೂಟದ ಅಕ್ಕ, ಮಾಲೂರು:

ಸಂಜೆ ಹಾಕುತ್ತೇನೆ. ಕಡೆಯಲ್ಲಿ ಒಂದು ಕಾಲಮ್ ಹೊಸದಾಗಿ ಸೇರಿಸಿದ್ದೇನೆ: ರಾತ್ರಿ ತೊಂದರೆಯಾದರೆ ಯಾವ ಮನೆಯವರನ್ನು ಕರೆಯಬೇಕು.